ಶ್ರುತಿ ಸೇರಿಸುವಷ್ಟು ಹೊತ್ತು

1971ರ ಆಗಸ್ಟ್ 1, ಭಾನುವಾರ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ವೇದಿಕೆಯ ಮೇಲೆ ನಾಲ್ವರು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಸಿತಾರ್ ಹಿಡಿದ ರವಿಶಂಕರ್, ಸರೋದ್ ಹಿಡಿದ ಅಲಿ ಅಕ್ಬರ್ ಖಾನ್, ತಬಲಾದ ಮುಂದೆ ಅಲ್ಲಾರಖಾ, ತಂಬೂರಿ ಮೀಟುತ್ತಾ ಕಮಲಾ ಚಕ್ರವರ್ತಿ. ತಂತಿಗಳ ಮೇಲೆ ಬೆರಳಾಡುತ್ತದೆ, ಒಂದೊಂದೇ ಸ್ವರ ಮೇಲೇಳುತ್ತದೆ, ಬಿರಡೆ ತಿರುಗುತ್ತದೆ, ಮತ್ತೆ ಅದೇ ಸ್ವರ. ಸುಮಾರು ಒಂದೂವರೆ ನಿಮಿಷ ಇದೇ ನಡೆದು ನಿಲ್ಲುತ್ತದೆ. ಸಭೆ ಜೋರಾಗಿ ಚಪ್ಪಾಳೆ ತಟ್ಟುತ್ತದೆ. ರವಿಶಂಕರ್ ಮೈಕಿನ ಹತ್ತಿರ ಬಾಗಿ ವಂದನೆ ಹೇಳುತ್ತಾರೆ. ಶ್ರುತಿ ಮಾಡಿಕೊಂಡದ್ದೇ ನಿಮಗೆ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸೀತು ಎಂಬ ಅರ್ಥದ ಒಂದು ಮಾತು ಆಡುತ್ತಾರೆ. ಸಭೆಯೂ ನಗುತ್ತದೆ.

ಐವತ್ತು ವರ್ಷಗಳಿಂದ ಈ ಪ್ರಸಂಗವನ್ನು ನಗೆಹನಿಯ ಹಾಗೆ ಹೇಳಿಕೊಂಡು ಬಂದಿದ್ದೇವೆ. ಶಾಸ್ತ್ರೀಯ ಸಂಗೀತ ಬಲ್ಲವರು ಸೇರಿದಲ್ಲಿ ಪಾಶ್ಚಾತ್ಯ ಕೇಳುಗರ ಮಾತು ಬಂತೆಂದರೆ ಇದು ಬಂದೇ ಬರುತ್ತದೆ. ಪಾಪ, ಅವರಿಗೆ ಶ್ರುತಿ ಯಾವುದು, ಆಲಾಪ ಯಾವುದು ಗೊತ್ತಿಲ್ಲ ಎಂದು ನಕ್ಕು ಮುಂದಕ್ಕೆ ಹೋಗುತ್ತೇವೆ. ನನಗೇನೋ ಆ ನಗು ಸರಿ ಎನ್ನಿಸುವುದಿಲ್ಲ. ರಾಕ್ ಸಂಗೀತದ ಚರಿತ್ರೆಯಲ್ಲಿ ದೊಡ್ಡವೆಂದು ಎಣಿಸುವ ಗಳಿಗೆಗಳು ಬಹಳಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಯಾರೋ ಏನನ್ನೋ ಜೋರಾಗಿ ಸಾರಿದ ಗಳಿಗೆಗಳು. ಇದೊಂದು ಮಾತ್ರ ಸಾವಿರಾರು ಜನ ತಮಗೆ ತಿಳಿಯದ ಒಂದು ಸದ್ದಿಗೆ ಸುಮ್ಮನೆ ಕಿವಿಗೊಟ್ಟ ಗಳಿಗೆ. ಆ ಚಪ್ಪಾಳೆಯ ಬಗ್ಗೆ ಯೋಚಿಸಿದಾಗೆಲ್ಲ ನನ್ನಲ್ಲಿ ಹುಟ್ಟುವುದು ಗೌರವ.

ಯಾಕೆಂದರೆ ಅವರು ಬಂದದ್ದು ಸಿತಾರ್ ಕೇಳುವುದಕ್ಕಲ್ಲ. ಬೀಟಲ್ಸ್ ತಂಡ ಒಡೆದು ವರ್ಷದ ಮೇಲಾಗಿತ್ತು. ಆ ನಾಲ್ವರಲ್ಲಿ ಇಬ್ಬರು, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೋ ಸ್ಟಾರ್, ಒಂದೇ ವೇದಿಕೆಗೆ ಬರುತ್ತಾರೆ ಎಂಬ ಸುದ್ದಿಯೇ ನೂಕುನುಗ್ಗಲಿಗೆ ಸಾಕಿತ್ತು. ಜೊತೆಗೆ ಎರಿಕ್ ಕ್ಲಾಪ್ಟನ್, ಲಿಯಾನ್ ರಸೆಲ್, ಬಿಲ್ಲಿ ಪ್ರೆಸ್ಟನ್. ಬಾಬ್ ಡಿಲನ್ ಬಂದರೂ ಬಂದಾನು ಎಂಬ ಗುಸುಗುಸು ಬೇರೆ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂದರೆ ರೈಲು ನಿಲ್ದಾಣದ ನೆತ್ತಿಯ ಮೇಲೆ ಕಟ್ಟಿದ ಒಳಾಂಗಣ ಕ್ರೀಡಾಂಗಣ. ಅಲ್ಲಿ ಬ್ಯಾಸ್ಕೆಟ್‌ಬಾಲ್ ನಡೆಯುತ್ತದೆ, ಕುಸ್ತಿ ನಡೆಯುತ್ತದೆ. ಅದೇ ವರ್ಷದ ಮಾರ್ಚ್‌ನಲ್ಲಿ ಮಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಬಡಿದಾಡಿದ್ದು ಅಲ್ಲೇ. ಕೂಗುವುದಕ್ಕೆಂದೇ ಕಟ್ಟಿದ ಜಾಗ ಅದು. ಮಧ್ಯಾಹ್ನ ಒಂದು, ರಾತ್ರಿ ಒಂದು, ಹೀಗೆ ಎರಡು ಕಾರ್ಯಕ್ರಮ. ಎರಡೂ ಸೇರಿ ಸುಮಾರು 40,000 ಜನ. ಅಂಥಲ್ಲಿ ಮೊದಲಿಗೆ ತಂಬೂರಿ.

ಇದರ ಬೆಲೆ ತಿಳಿಯಬೇಕಾದರೆ ಆರು ವರ್ಷ ಹಿಂದಕ್ಕೆ ಹೋಗಬೇಕು. 1965ರ ಆಗಸ್ಟ್ 15ರಂದು ಇದೇ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಬೀಟಲ್ಸ್ ಹಾಡಿದರು. 55,000ಕ್ಕೂ ಹೆಚ್ಚು ಜನ. ಅವರಿಗಾಗಿಯೇ ನೂರು ವಾಟ್‌ನ ಆಂಪ್ಲಿಫೈಯರ್‌ಗಳನ್ನು ಮಾಡಿಸಿದ್ದರು, ಹಾಡು ಮಾತ್ರ ಬೇಸ್‌ಬಾಲ್ ಪಂದ್ಯದ ಪ್ರಕಟಣೆ ಕೂಗುವ ಸ್ಪೀಕರುಗಳಲ್ಲೇ ಬಂತು. ಅಷ್ಟು ಜನರ ಕಿರುಚಾಟದ ಎದುರು ಇವೆಲ್ಲ ಯಾವ ಲೆಕ್ಕ? ಹಾಡಿದವರಿಗೆ ತಮ್ಮ ಹಾಡು ಕೇಳಿಸಲಿಲ್ಲ, ನುಡಿಸಿದವರಿಗೆ ತಮ್ಮ ವಾದ್ಯ ಕೇಳಿಸಲಿಲ್ಲ. ಡ್ರಮ್ ಬಾರಿಸುವ ರಿಂಗೋ ಆ ದಿನಗಳಲ್ಲಿ ಹಾಡು ಎಲ್ಲಿಗೆ ಬಂತೆಂದು ತಿಳಿಯಲು ಮುಂದೆ ನಿಂತವರ ಬೆನ್ನು, ಸೊಂಟ, ತಲೆ ಅಲ್ಲಾಡುವುದನ್ನು ನೋಡಿ ಅಂದಾಜು ಮಾಡಿಕೊಳ್ಳುತ್ತಿದ್ದುದಾಗಿ ಮುಂದೆ ಹೇಳಿಕೊಂಡಿದ್ದಾನೆ. ಜಗತ್ತಿನ ಅತ್ಯಂತ ಜನಪ್ರಿಯ ಸಂಗೀತಗಾರರು ತಮ್ಮ ಸಂಗೀತವನ್ನೇ ಕೇಳಲಾರದೆ ನಿಂತಿದ್ದರು. ಜನ ಅವರನ್ನು ಪ್ರೀತಿಸಿದ್ದು ನಿಜ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಪ್ರೀತಿಯೊಳಗೆ ಕೇಳುವುದಕ್ಕೆ ಜಾಗ ಉಳಿದಿರಲಿಲ್ಲ.

ಮರುವರ್ಷ ಆಗಸ್ಟ್ 29ರಂದು ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಅವರು ಕೊನೆಯ ಬಾರಿ ಟಿಕೆಟ್ ಕೊಂಡ ಸಭೆಗೆ ಹಾಡಿ, ಊರೂರು ತಿರುಗುವುದನ್ನೇ ನಿಲ್ಲಿಸಿಬಿಟ್ಟರು. ಹಾಗೆ ನಿಲ್ಲಿಸಬೇಕೆಂದು ಹಂಬಲಿಸಿದವರಲ್ಲಿ ಹ್ಯಾರಿಸನ್ ಮುಂದಿನವನು. ಅವನಿಗಾಗ 23 ವರ್ಷ. ಕೆಲವೇ ವಾರಗಳಲ್ಲಿ ಅವನು ಭಾರತಕ್ಕೆ ಬಂದ, ಬೊಂಬಾಯಿಯಲ್ಲಿ, ಆಮೇಲೆ ಶ್ರೀನಗರದ ದೋಣಿಮನೆಯೊಂದರಲ್ಲಿ ರವಿಶಂಕರರ ಎದುರು ಸಿತಾರ್ ಹಿಡಿದು ಕೂತ. ಅದಕ್ಕೂ ಮೊದಲೇ, 1965ರ ಕೊನೆಯಲ್ಲಿ, ಬೀಟಲ್ಸ್‌ನ ಒಂದು ಹಾಡಿನಲ್ಲಿ ಅವನು ತನಗೆ ತಿಳಿದ ಮಟ್ಟಿಗೆ ಸಿತಾರ್ ನುಡಿಸಿದ್ದ. ಆ ಹಾಡಿನಿಂದಾಗಿ ಲಂಡನ್ನಿನ ಪೇಟೆಯಲ್ಲಿ ಸಿತಾರಿಗೆ ಹುಚ್ಚು ಬೇಡಿಕೆ ಬಂತು. ರವಿಶಂಕರರಿಗೆ ಆ ನುಡಿಸಾಣಿಕೆ ಮೆಚ್ಚುಗೆಯಾಗಿರಲಿಲ್ಲ, ಆದರೆ ಹುಡುಗನ ವಿನಯ ಮೆಚ್ಚುಗೆಯಾಯಿತು.

ಆ ಕಲಿಕೆಯ ಒಂದು ಸಣ್ಣ ಸಂಗತಿಯನ್ನು ಹ್ಯಾರಿಸನ್ ತಾನೇ ಹೇಳುತ್ತಿದ್ದ. ಪಾಠ ನಡೆಯುವಾಗ ಫೋನು ಬಡಿದುಕೊಂಡಿತು. ಅವನು ಸಿತಾರನ್ನು ನೆಲಕ್ಕಿಟ್ಟು, ಅದನ್ನು ದಾಟಿಕೊಂಡೇ ಹೊರಟ. ರವಿಶಂಕರ್ ಅವನ ಕಾಲಿಗೊಂದು ಏಟು ಕೊಟ್ಟು, ಮೊದಲು ವಾದ್ಯಕ್ಕೆ ಮರ್ಯಾದೆ ಕೊಡುವುದನ್ನು ಕಲಿ ಅಂದರು. ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಮಗು ತಾನಾಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತದೆ, ಅದನ್ನು ಯಾರೂ ಪಾಠವೆಂದು ಹೇಳಿಕೊಡುವುದಿಲ್ಲ. ಲಿವರ್‌ಪೂಲಿನ ಬಸ್ ಡ್ರೈವರನ ಮಗನಿಗೆ ಅದು ಹೊಸ ಪಾಠ. ಅವನು ಅದನ್ನು ಅವಮಾನವೆಂದುಕೊಳ್ಳದೆ ಕೊನೆಯವರೆಗೂ ನೆನೆಸಿಕೊಂಡ ಎನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ. ಕೆಲವು ವರ್ಷ ಶ್ರಮಪಟ್ಟ ಮೇಲೆ ತಾನು ಸಿತಾರ್ ವಾದಕನಾಗಲಾರೆ ಎಂದು ತಿಳಿದು ಗಿಟಾರಿಗೆ ಮರಳಿದ. ವಾದ್ಯ ಕೈತಪ್ಪಿತು, ಕಿವಿ ಮಾತ್ರ ಉಳಿಯಿತು.

ರವಿಶಂಕರರ ಪಾಲಿಗೆ ರಾಕ್ ಸಭೆಗಳು ಸುಖದವೇನೂ ಆಗಿರಲಿಲ್ಲ. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದ ಉತ್ಸವಕ್ಕೆ ಹೋದಾಗ ಭಾನುವಾರದ ಮಧ್ಯಾಹ್ನ ಪೂರ್ತಿ ತಮ್ಮದೇ ಆಗಿರಬೇಕು, ಹಿಂದೆಮುಂದೆ ಬೇರಾರೂ ಇರಬಾರದು ಎಂದು ಕರಾರು ಹಾಕಿದರು. ಅಲ್ಲಾರಖಾ ಜೊತೆಗೆ ಗಂಟೆಗಟ್ಟಲೆ ನುಡಿಸಿದರು. ಆ ಉತ್ಸವದ ಸಿನಿಮಾ ಮುಗಿಯುವುದೇ ಅವರ ಕಚೇರಿಯಿಂದ. ಕೇಳುತ್ತಾ ಕೂತವರ ನಡುವೆ ಜಿಮಿ ಹೆಂಡ್ರಿಕ್ಸ್‌ನ ಮುಖ ಕಾಣುತ್ತದೆ. ಅದೇ ರಾತ್ರಿ ಅದೇ ವೇದಿಕೆಯ ಮೇಲೆ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿಯಿಟ್ಟ. ರಾಕ್ ಚರಿತ್ರೆ ಬರೆದವರಿಗೆಲ್ಲ ಆ ಬೆಂಕಿ ಪ್ರಿಯವಾದ ಗಳಿಗೆ. ರವಿಶಂಕರರಿಗೆ ಅದು ನೋಡಲಾರದ ಸಂಗತಿಯಾಗಿತ್ತು. ಹೆಂಡ್ರಿಕ್ಸ್‌ನ ವಾದನ ಅವರಿಗೆ ಮೆಚ್ಚುಗೆಯೇ. ವಾದ್ಯವನ್ನು ಸುಟ್ಟದ್ದು ಮಾತ್ರ ಮನಸ್ಸಿಗೆ ತಟ್ಟಿತು. ಇಲ್ಲಿ ನಾನು ಇಬ್ಬರಲ್ಲಿ ಒಬ್ಬರನ್ನು ತಪ್ಪೆನ್ನಲು ಹೊರಟಿಲ್ಲ. ಹೆಂಡ್ರಿಕ್ಸ್ ತನ್ನ ಗಿಟಾರನ್ನು ಪ್ರೀತಿಸದವನಲ್ಲ. ಅವನ ಪ್ರೀತಿಗೆ ಆಹುತಿಯ ರೂಪ ಬಂದಿತ್ತು. ಆದರೂ ಮನಸ್ಸು ರವಿಶಂಕರರ ಕಡೆಗೇ ವಾಲುತ್ತದೆ. 1969ರ ವುಡ್‌ಸ್ಟಾಕ್‌ನಲ್ಲಂತೂ ರಾತ್ರಿ, ಮಳೆ, ಕೆಸರು, ಗಾಂಜಾ ಹೊಗೆಯ ಮಧ್ಯೆ ನುಡಿಸಿ ಬಂದ ಮೇಲೆ ಇಂಥ ಜಾತ್ರೆಗಳಿಂದ ದೂರವಿರಬೇಕೆಂದುಕೊಂಡರು.

ಹಾಗೆಂದುಕೊಂಡವರು ಎರಡೇ ವರ್ಷದಲ್ಲಿ ಮತ್ತೆ ಅದೇ ಜನರ ಮುಂದೆ ಬಂದು ಕೂತದ್ದಕ್ಕೆ ಕಾರಣ ಊರು. 1970ರ ನವೆಂಬರ್ 12ರ ರಾತ್ರಿ ಪೂರ್ವ ಪಾಕಿಸ್ತಾನದ ಕರಾವಳಿಗೆ ಚಂಡಮಾರುತ ಅಪ್ಪಳಿಸಿ ಮೂರರಿಂದ ಐದು ಲಕ್ಷ ಜನ ಸತ್ತರು. ಐದು ತಿಂಗಳು ಕಳೆಯುವುದರೊಳಗೆ, 1971ರ ಮಾರ್ಚ್ 25ರಂದು, ಪಾಕಿಸ್ತಾನದ ಸೇನೆ ಢಾಕಾದಲ್ಲಿ ತನ್ನದೇ ಪ್ರಜೆಗಳ ಮೇಲೆ ಬಿತ್ತು. ಗಡಿ ದಾಟಿ ಭಾರತಕ್ಕೆ ಬಂದವರ ಸಂಖ್ಯೆ ವರ್ಷದ ಕೊನೆಗೆ ಕೋಟಿಯ ಹತ್ತಿರ. ಶಿಬಿರಗಳಲ್ಲಿ ಕಾಲರಾ. ರವಿಶಂಕರ್ ಹುಟ್ಟಿದ್ದು ಕಾಶಿಯಲ್ಲಾದರೂ ತಂದೆಯ ಕಡೆಯ ಮೂಲ ಜೆಸ್ಸೋರಿನದು. ಅಲಿ ಅಕ್ಬರ್ ಹುಟ್ಟಿದ್ದೇ ಕೊಮಿಲ್ಲಾ ಸೀಮೆಯ ಶಿಬ್‌ಪುರದಲ್ಲಿ. ಇಬ್ಬರಿಗೂ ಗುರುವಾದ ಅಲ್ಲಾವುದ್ದೀನ್ ಖಾನರ, ಅಂದರೆ ಅಲಿ ಅಕ್ಬರರ ತಂದೆಯ, ಊರು ಕೂಡ ಅದೇ. ಓಡಿಬರುತ್ತಿದ್ದವರಲ್ಲಿ ಬಂಧುಗಳಿದ್ದರು, ಗುರುವಿನ ಕಡೆಯವರಿದ್ದರು.

ಆಗ ರವಿಶಂಕರ್ ಲಾಸ್ ಏಂಜಲೀಸಿನಲ್ಲಿದ್ದರು. ಅವರ ಬಗೆಗಿನ 'ರಾಗ' ಎಂಬ ಸಾಕ್ಷ್ಯಚಿತ್ರದ ಧ್ವನಿಮುದ್ರಿಕೆಯ ಕೆಲಸದಲ್ಲಿ ಹ್ಯಾರಿಸನ್ ಜೊತೆಗಿದ್ದ. ಒಂದು ಕಚೇರಿ ಮಾಡಿ ಇಪ್ಪತ್ತೈದು ಸಾವಿರ ಡಾಲರ್ ಕೂಡಿಸಿ ಕಳಿಸೋಣ ಎಂದು ಅವರ ಲೆಕ್ಕ. ನೀನು ಏನಾದರೂ ಸಹಾಯ ಮಾಡಬಲ್ಲೆಯಾ ಎಂದು ಕೇಳಿದರು. ಹ್ಯಾರಿಸನ್ ಫೋನು ಹಿಡಿದು ಕೂತ. ಸ್ಪೇನಿನಲ್ಲಿ ಸಿನಿಮಾ ಮಾಡುತ್ತಿದ್ದ ರಿಂಗೋಗೆ, ಡಿಲನ್‌ಗೆ, ಕ್ಲಾಪ್ಟನ್‌ಗೆ. ಕೆಲವೇ ವಾರಗಳಲ್ಲಿ ಸಭಾಂಗಣ ಗೊತ್ತಾಯಿತು, ಒಂದು ಹಾಡೂ ಹೊರಬಂತು. ಗುರು ಬಾಯಿಬಿಟ್ಟು ಕೇಳಿದ, ಶಿಷ್ಯ ಮಾಡಿದ. ಪಾಪ್ ಸಂಗೀತದ ಚರಿತ್ರೆಯಲ್ಲಿ ಮೊದಲ ದೊಡ್ಡ ಪರಿಹಾರ ಕಚೇರಿಯ ಹಿಂದೆ ಇರುವುದು ಇಷ್ಟೇ ಸರಳ ಸಂಬಂಧ.

ಈಗ ಆ ಒಂದೂವರೆ ನಿಮಿಷಕ್ಕೆ ಬರುತ್ತೇನೆ. ಸಿತಾರಿನ ಮೇಲೆ ನುಡಿಸುವ ತಂತಿಗಳಲ್ಲದೆ ಮೆಟ್ಟಿಲುಗಳ ಕೆಳಗೆ ಹಾದುಹೋಗುವ ತರಫ್ ತಂತಿಗಳು ಹತ್ತಕ್ಕೂ ಮೇಲಿರುತ್ತವೆ. ಅವನ್ನು ಯಾರೂ ನೇರವಾಗಿ ನುಡಿಸುವುದಿಲ್ಲ. ಮೇಲಿನ ತಂತಿಯಲ್ಲಿ ಅದೇ ಸ್ವರ ಬಂದಾಗ ಇವು ತಾವಾಗಿ ನಡುಗಿ ದನಿಗೂಡಿಸುತ್ತವೆ. ಹಾಗೆ ನಡುಗಬೇಕಾದರೆ ಒಂದೊಂದೂ ರಾಗಕ್ಕೆ ತಕ್ಕ ಸ್ವರದಲ್ಲಿ ಕೂದಲೆಳೆಯಷ್ಟೂ ತಪ್ಪದೆ ನಿಲ್ಲಬೇಕು. ವಾದಕ ಬಿರಡೆ ತಿರುಗಿಸಿ, ತಂತಿಗೆ ಪೋಣಿಸಿದ ಮಣಿಯನ್ನು ಒಂದಿಷ್ಟು ಸರಿಸಿ, ಕಿರುಬೆರಳಿಂದ ತರಫ್‌ಗಳನ್ನು ಮೇಲಿಂದ ಕೆಳಕ್ಕೆ ಸವರಿ ಪರೀಕ್ಷಿಸುತ್ತಾನೆ. ಸರೋದಿಗೆ ಮೆಟ್ಟಿಲುಗಳಿಲ್ಲ, ನುಣುಪಾದ ಉಕ್ಕಿನ ಪಟ್ಟಿ; ಅಲಿ ಅಕ್ಬರರ ಸರೋದಿಗೆ 25 ತಂತಿ. ಸರೋದಿನ ಹೊಟ್ಟೆಗೂ ತಬಲಾದ ಬಾಯಿಗೂ ಬಿಗಿದದ್ದು ಚರ್ಮ. ಅಲ್ಲಾರಖಾ ಪುಟ್ಟ ಸುತ್ತಿಗೆಯಿಂದ ತಬಲಾದ ಅಂಚನ್ನು ತಟ್ಟಿ ತಂಬೂರಿಗೆ ಹೊಂದಿಸಬೇಕು. ಇಷ್ಟೂ ಸಿನಿಮಾ ಚಿತ್ರೀಕರಣದ ದೀಪಗಳ ಕೆಳಗೆ. ಬಿಸಿಗೆ ತಂತಿ ಸಡಿಲಾಗುತ್ತದೆ, ಚರ್ಮ ಬಿಗಿಯಾಗುತ್ತದೆ. ಒಂದು ಇಳಿದರೆ ಇನ್ನೊಂದು ಏರುತ್ತದೆ. ಒಳಗೆ ಸರಿಮಾಡಿಕೊಂಡು ಬಂದದ್ದು ವೇದಿಕೆಯ ಮೇಲೆ ಉಳಿಯುವುದಿಲ್ಲ, ಅಲ್ಲೇ ಕೂತು ಮತ್ತೆ ಮಾಡಬೇಕು.

ಧ್ವನಿಮುದ್ರಿಕೆಯಲ್ಲಿ ಆ ಭಾಗ ಕೇಳಿದರೆ ಅದು ಬರೀ ಕಿರ್‍ರೆನ್ನುವ ಸದ್ದೇನಲ್ಲ. ಅದರಲ್ಲಿ ಸ್ವರಗಳ ಜರಿಗಳಿವೆ. ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ ಹೂಂ ಎಂದ ಹಾಗೆ ಸಿತಾರೂ ಸರೋದೂ ಪರಸ್ಪರ ಒಪ್ಪಿಸಿಕೊಳ್ಳುವ ಒಂದು ವ್ಯವಹಾರವಿದೆ. ಧಾರವಾಡದ ಸಭೆಯಲ್ಲಿ ಕೂತವರು ಕೂಡ ಇದಕ್ಕೆ ತಲೆದೂಗುತ್ತಾರೆ. ಎರಡು ತಂಬೂರಿ ಕೂಡಿ ಒಂದಾದ ಗಳಿಗೆಯಲ್ಲಿ ಆಹಾ ಎನ್ನುವ ಹಿರಿಯರನ್ನು ಯಾರು ನೋಡಿಲ್ಲ? ಅಲ್ಲಿ ಅದು ರಸಿಕತೆ ಎನ್ನಿಸಿಕೊಳ್ಳುತ್ತದೆ. ನ್ಯೂಯಾರ್ಕಿನ ಹುಡುಗ ಹುಡುಗಿಯರು ಅದನ್ನೇ ಮಾಡಿದರೆ ಅಜ್ಞಾನ ಎನ್ನಿಸಿಕೊಳ್ಳುತ್ತದೆ. ಅವರಿಗೆ ವ್ಯತ್ಯಾಸ ತಿಳಿದಿರಲಿಲ್ಲ, ಒಪ್ಪಿದೆ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದು ತಿಳಿಯದ ಒಂದು ಸಂಗೀತದ ಮುಂದೆ ಅವರಿಗೆ ತಿಳಿದಿದ್ದ ಒಂದೇ ಮರ್ಯಾದೆ ಅದು: ಸದ್ದು ನಿಂತಾಗ ಕೈ ತಟ್ಟುವುದು.

ಅದಕ್ಕೆ ಮೊದಲು ಏನು ನಡೆಯಿತೆಂಬುದನ್ನೂ ನೆನೆಯಬೇಕು. ಹ್ಯಾರಿಸನ್ ಮೊದಲು ಬಂದು, ಭಾರತೀಯ ಸಂಗೀತ ನಮ್ಮದಕ್ಕಿಂತ ಸ್ವಲ್ಪ ಗಂಭೀರವಾದದ್ದು, ಸಮಾಧಾನದಿಂದ ಕೇಳಬೇಕು ಎಂದು ಕೇಳಿಕೊಂಡ. ರವಿಶಂಕರ್, ನಾವು ಕಲಾವಿದರು, ರಾಜಕೀಯ ಮಾಡಲು ಬಂದಿಲ್ಲ, ಬಾಂಗ್ಲಾ ಜನರ ಸಂಕಟ ನಮ್ಮ ಸಂಗೀತದ ಮೂಲಕ ನಿಮ್ಮನ್ನು ಮುಟ್ಟಲಿ ಎಂಬರ್ಥದಲ್ಲಿ ಮಾತಾಡಿ, ನುಡಿಸುವಷ್ಟು ಹೊತ್ತು ದಯವಿಟ್ಟು ಸೇದಬೇಡಿ ಎಂದರು. ಆ ಕಾಲದ ರಾಕ್ ಸಭೆಯಲ್ಲಿ ಇದು ಸಣ್ಣ ಕೋರಿಕೆಯಲ್ಲ. ಜನ ಒಪ್ಪಿ ಕೂತರು. ಮೆಚ್ಚಿದ ನಾಯಕ ಹೇಳಿದ ಎಂಬ ಕಾರಣಕ್ಕೆ ಒಪ್ಪಿರಬಹುದು. ಇರಲಿ. ನಮ್ಮಲ್ಲಿ ಎಷ್ಟು ಮಂದಿ ತಂದೆಯೋ ಅತ್ತೆಯೋ ಕೈಹಿಡಿದು ಕೂರಿಸಿದ್ದರಿಂದಲೇ ಸಂಗೀತ ಕೇಳಲು ಕಲಿತಿಲ್ಲ? ಕಿವಿ ತೆರೆಯುವುದಕ್ಕೆ ಮೊದಲು ಯಾರ ಮೇಲಾದರೂ ನಂಬಿಕೆ ಬೇಕಾಗುತ್ತದೆ.

ಆಮೇಲೆ ನುಡಿಸಿದ್ದು 'ಬಾಂಗ್ಲಾ ಧುನ್'. ಬಂಗಾಳದ ಜಾನಪದ ಮಟ್ಟಿನ ಛಾಯೆಯ ಧುನ್, ಮೊದಲು ಆರು ಮಾತ್ರೆಯ ದಾದರಾದಲ್ಲಿ ತೂಗುತ್ತಾ, ಆಮೇಲೆ ತ್ರಿತಾಳದ ಓಟಕ್ಕೆ ಬಿದ್ದು. ದೊಡ್ಡ ರಾಗವೊಂದನ್ನು ಎತ್ತಿಕೊಳ್ಳದೆ ಊರಿನ ಧಾಟಿಯನ್ನು ಎತ್ತಿಕೊಂಡದ್ದು ನನಗೆ ಬಹಳ ಸರಿಯೆನ್ನಿಸುತ್ತದೆ. ಸತ್ತವರೂ ಓಡಿಬಂದವರೂ ಹಾಡಿಕೊಳ್ಳುತ್ತಿದ್ದ ಹಾಡಿನ ನಂಟು ಅದರಲ್ಲಿತ್ತು.

ಮುಂದಿನದೆಲ್ಲ ಪ್ರಸಿದ್ಧ. ಕ್ಲಾಪ್ಟನ್ ಹೆರಾಯಿನ್ ಚಟದಲ್ಲಿ ಬಳಲಿ ತಾಲೀಮಿಗೂ ಸರಿಯಾಗಿ ಬಾರದೆ, ಆದರೂ ನಿಂತು ನುಡಿಸಿದ. ಬಿಲ್ಲಿ ಪ್ರೆಸ್ಟನ್ ಆವೇಶ ಬಂದವನಂತೆ ಆರ್ಗನ್ ಬಿಟ್ಟೆದ್ದು ಕುಣಿದ. ಹ್ಯಾರಿಸನ್ ಮತ್ತು ಬ್ಯಾಡ್‌ಫಿಂಗರ್ ತಂಡದ ಪೀಟ್ ಹ್ಯಾಮ್ ಎರಡೇ ಎರಡು ಅಕೌಸ್ಟಿಕ್ ಗಿಟಾರ್ ಹಿಡಿದು ಒಂದು ಹಾಡನ್ನು ಅಷ್ಟು ದೊಡ್ಡ ಸಭೆಯ ಮುಂದೆ ಮೆಲ್ಲಗೆ ಹಾಡಿದರು, ಜನ ಕಿರುಚಲಿಲ್ಲ. ಡಿಲನ್ 1966ರ ಮೋಟಾರುಸೈಕಲ್ ಅಪಘಾತದ ನಂತರ ವೇದಿಕೆಯಿಂದ ಹೆಚ್ಚುಕಡಿಮೆ ಮರೆಯಾಗಿದ್ದವನು. ಬರುತ್ತಾನೋ ಇಲ್ಲವೋ ಹ್ಯಾರಿಸನ್‌ಗೂ ಖಾತ್ರಿಯಿರಲಿಲ್ಲ. ಗಿಟಾರಿಗೆ ಅಂಟಿಸಿಕೊಂಡ ಹಾಡುಗಳ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಿದ್ದ. ತಿರುಗಿ ನೋಡಿದರೆ ಡಿಲನ್ ಗಿಟಾರು, ಹಾರ್ಮೋನಿಕಾ ಸಮೇತ ನಡೆದುಬರುತ್ತಿದ್ದ. ರಾಕ್ ಚರಿತ್ರೆಯ ಪುಸ್ತಕಗಳು ಆ ದಿನವನ್ನು ಹೆಚ್ಚಾಗಿ ಈ ಒಂದು ಗಳಿಗೆಗಾಗಿ ನೆನೆಯುತ್ತವೆ. ನೆನೆಯಲಿ, ಅದೂ ಚೆನ್ನಾಗಿದೆ.

ಕೇಳಿದ್ದರಿಂದ ಏನಾಯಿತು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಅಮೆರಿಕದ ಸರ್ಕಾರ ಆಗ ಪಾಕಿಸ್ತಾನದ ಬೆನ್ನಿಗೆ ನಿಂತಿತ್ತು. ಬಾಂಗ್ಲಾದೇಶ ಎಂಬ ದೇಶವನ್ನು ಜಗತ್ತಿನ ಯಾವ ಸರ್ಕಾರವೂ ಆಗಸ್ಟ್‌ನಲ್ಲಿ ಒಪ್ಪಿರಲಿಲ್ಲ. ಭಾರತ ಮಾನ್ಯತೆ ಕೊಟ್ಟದ್ದು ಡಿಸೆಂಬರ್ 6ರಂದು. ಅಂಥ ಹೊತ್ತಿನಲ್ಲಿ ಒಂದು ಪಾಪ್ ಹಾಡು, ಒಂದು ಕಚೇರಿಯ ಜಾಹೀರಾತು, ಆ ಹೆಸರನ್ನು ಅಮೆರಿಕದ ಮನೆಮನೆಯ ಬಾಯಿಗೆ ತಂದವು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ನಾಲ್ಕು ದಿನ ಬಿಟ್ಟು, ಡಿಸೆಂಬರ್ 20ರಂದು, ಕಚೇರಿಯ ಮೂರು ತಟ್ಟೆಗಳ ಸಂಪುಟ ಅಮೆರಿಕದ ಅಂಗಡಿಗಳಿಗೆ ಬಂತು. ನುಡಿಸುವಾಗ ಇಲ್ಲದ ದೇಶ, ತಟ್ಟೆ ಕೈಗೆ ಬರುವಾಗ ಹುಟ್ಟಿತ್ತು. ಸಂಗೀತದಿಂದ ದೇಶ ಹುಟ್ಟಿತೆಂದು ಹೇಳಿದರೆ ಅದಕ್ಕಾಗಿ ರಕ್ತ ಕೊಟ್ಟವರಿಗೆ ಅಪಚಾರ. ದೂರದವರ ಕಿವಿಯಲ್ಲಿ ಹೆಸರಿಗೊಂದು ಜಾಗವಾಯಿತು ಎನ್ನುವಷ್ಟು ಹೇಳಬಹುದು.

ಸಂಪುಟದ ಮುಖಪುಟದಲ್ಲಿರುವುದು ಬರಿದಾದ ಊಟದ ತಟ್ಟೆಯ ಹಿಂದೆ ಕೂತ ಎಲುಬುಗೂಡಿನಂಥ ಮಗು. ಈ ಚಿತ್ರದ ಮುಂದೆ ನನಗೆ ಯಾವತ್ತೂ ಇರುಸುಮುರುಸು. ಹಸಿವನ್ನು ತೋರಿಸದೆ ಹಸಿವಿಗೆ ಹಣ ಎತ್ತುವುದು ಹೇಗೆ ಎಂಬ ಮಾತು ಸರಿಯೇ. ಆದರೂ ಆ ಮಗುವಿಗೆ ಹೆಸರಿಲ್ಲ, ದನಿಯಿಲ್ಲ. ಒಳಗಿನ ಧುನ್‌ನಲ್ಲಿ ಅದರ ಊರಿಗೆ ದನಿಯಿದೆ, ಹೊರಗಿನ ಹೊದಿಕೆಯ ಮೇಲೆ ಅದು ಬರೀ ನೋಟಕ್ಕೆ ಸಿಕ್ಕ ಮಗು. ಮುಂದೆ ಬಂದ ಅದೆಷ್ಟೋ ಪರಿಹಾರ ಅಭಿಯಾನಗಳು ಈ ಹೊದಿಕೆಯನ್ನೇ ಅನುಸರಿಸಿದವು ಎನ್ನುವುದು ನನ್ನ ವ್ಯಥೆ.

ಹಣದ ಕಥೆಯೂ ನೋವಿನದೇ. ಎರಡು ಕಾರ್ಯಕ್ರಮಗಳ ಟಿಕೆಟ್ಟಿನಿಂದ ಬಂದ 2,43,418 ಡಾಲರ್ 50 ಸೆಂಟ್ ಕೆಲವೇ ದಿನಗಳಲ್ಲಿ ಯುನಿಸೆಫ್‌ಗೆ ಸೇರಿತು. ರವಿಶಂಕರ್ ಅಂದುಕೊಂಡಿದ್ದರ ಹತ್ತು ಪಾಲು. ಆದರೆ ದೊಡ್ಡ ಮೊತ್ತ ಬಂದದ್ದು ಧ್ವನಿಮುದ್ರಿಕೆಯಿಂದ, ಸಿನಿಮಾದಿಂದ. ಅವಸರದಲ್ಲಿ ಕಾರ್ಯಕ್ರಮಕ್ಕೆ ಮೊದಲೇ ಯುನಿಸೆಫ್ ಹೆಸರಿನಲ್ಲಿ ಕಾಗದಪತ್ರ ಮಾಡಿಸಿರಲಿಲ್ಲ. ಹಾಗಾಗಿ ತೆರಿಗೆ ವಿನಾಯಿತಿ ಸಿಗದೆ ಲಕ್ಷಾಂತರ ಡಾಲರ್ ಅಮೆರಿಕದ ತೆರಿಗೆ ಇಲಾಖೆಯ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಬಿತ್ತು. ಶಿಬಿರದ ಮಗುವಿಗೆ ವರ್ಷಗಟ್ಟಲೆ ಕಾಯಲು ಸಾಧ್ಯವೇ? ಕೆಲವೇ ವಾರಗಳಲ್ಲಿ ಇಷ್ಟೆಲ್ಲ ಕೂಡಿಸಿದ ಉತ್ಸಾಹದಲ್ಲಿ ಒಬ್ಬ ಒಳ್ಳೆಯ ಲೆಕ್ಕಪತ್ರದವನು ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಮುಂದೆ ಇಥಿಯೋಪಿಯಾದ ಬರಗಾಲಕ್ಕಾಗಿ 1985ರ ಜುಲೈ 13ರಂದು ಲೈವ್ ಏಯ್ಡ್ ನಡೆಸಿದ ಬಾಬ್ ಗೆಲ್ಡಾಫ್‌ಗೆ ಹ್ಯಾರಿಸನ್ ತಾನು ಪಟ್ಟ ಪಾಡನ್ನು ಹೇಳಿ ಎಚ್ಚರಿಸಿದ.

ಲೈವ್ ಏಯ್ಡ್ ಇದಕ್ಕಿಂತ ಎಷ್ಟೋ ದೊಡ್ಡದು: ಲಂಡನ್ನಿನ ವೆಂಬ್ಲಿ, ಫಿಲಡೆಲ್ಫಿಯಾ, ಎರಡೂ ಕಡೆ ಒಂದೇ ದಿನ, ಉಪಗ್ರಹದ ಮೂಲಕ ಜಗತ್ತಿಗೆಲ್ಲ. ತಂಡವೊಂದಕ್ಕೆ ಇಪ್ಪತ್ತು ನಿಮಿಷದ ಆಸುಪಾಸು, ಒಬ್ಬರು ಇಳಿಯುತ್ತಲೇ ಇನ್ನೊಬ್ಬರು ಹತ್ತಬೇಕು. ಅಲ್ಲಿ ಶ್ರುತಿ ಮಾಡಿಕೊಳ್ಳಲು ಯಾರಿಗೂ ಬಿಡುವಿರಲಿಲ್ಲ. ಆದರೂ ಕೊನೆಕೊನೆಗೆ ವೆಂಬ್ಲಿಯಲ್ಲಿ ಪಾಲ್ ಮೆಕಾರ್ಟ್ನಿ ಪಿಯಾನೋ ಮುಂದೆ ಕೂತು ಹಾಡಲು ತೊಡಗಿದಾಗ ಅವನ ಮೈಕು ಕೈಕೊಟ್ಟಿತು, ಮೊದಲ ಎರಡು ನಿಮಿಷ ಹಾಡೇ ಕೇಳಿಸಲಿಲ್ಲ. ಸುಮಾರು 72,000 ಜನ ತಾವೇ ಹಾಡತೊಡಗಿದರು. ಇಪ್ಪತ್ತು ವರ್ಷಗಳ ಹಿಂದೆ ಶೇ ಸ್ಟೇಡಿಯಂನಲ್ಲಿ ಇದೇ ಹಾಡುಗಾರನ ದನಿಯನ್ನು ಸಭೆ ಮುಳುಗಿಸಿತ್ತು. ಇಲ್ಲಿ ದನಿ ಇಲ್ಲದಾಗ ಸಭೆ ಅದನ್ನು ಎತ್ತಿಹಿಡಿಯಿತು. ಮೈಕು ಕೆಟ್ಟದ್ದನ್ನು ಅಂದಿನ ದೊಡ್ಡ ಎಡವಟ್ಟು ಎಂದು ಬರೆಯುವವರಿದ್ದಾರೆ. ನನಗೆ ಆ ದಿನದಲ್ಲಿ ಪ್ರಿಯವಾದದ್ದು ಅದೊಂದೇ.

ಅಲಿ ಅಕ್ಬರ್ ಖಾನರ ಹೆಸರು ಬಂದಾಗ ಕನ್ನಡದವರಿಗೆ ನೆನಪಾಗಬೇಕಾದವರು ರಾಜೀವ ತಾರಾನಾಥ. ಇಂಗ್ಲಿಷ್ ಸಾಹಿತ್ಯದ ಮೇಷ್ಟರು, ಕನ್ನಡ ನವ್ಯದ ಹರಿತವಾದ ವಿಮರ್ಶಕರು. ಅಲಿ ಅಕ್ಬರರ ಸರೋದ್ ಕೇಳಿ ಸೆರೆಸಿಕ್ಕಿದವರಂತೆ ಕಲ್ಕತ್ತೆಗೆ ಹೋಗಿ ಶಿಷ್ಯರಾದರು. ನ್ಯೂಯಾರ್ಕಿನ ಈ ಕಚೇರಿಯ ಹಿಂದಿನ ವರ್ಷ ತೆರೆಗೆ ಬಂದ 'ಸಂಸ್ಕಾರ'ಕ್ಕೆ ಸಂಗೀತ ಕೊಟ್ಟವರು ಅವರೇ. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಅಮೆರಿಕದ ಹುಡುಗರಿಗೆ ವರ್ಷಗಳ ಕಾಲ ಕಲಿಸಿದರು. 2024ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಅಲಿ ಅಕ್ಬರರಂತೂ 1967ರಲ್ಲೇ ಅಲ್ಲಿ ಶಾಲೆ ತೆರೆದು, ಕೊನೆಯವರೆಗೂ ಅಲ್ಲೇ ಕಲಿಸುತ್ತಾ ಉಳಿದರು. ಅವರ ಮುಂದೆ ಬಂದು ಕೂತ ಮಕ್ಕಳು ಇದೇ ರಾಕ್ ಕೇಳಿ ಬೆಳೆದ ಪೀಳಿಗೆಯವರು. ಶ್ರುತಿಗೆ ಚಪ್ಪಾಳೆ ತಟ್ಟಿದವರ ಓರಗೆಯವರೇ ಶ್ರುತಿ ಮಾಡುವುದನ್ನು ಕಲಿಯಲು ವರ್ಷಗಟ್ಟಲೆ ನೆಲದ ಮೇಲೆ ಕೂತರು. ಇದನ್ನು ನಗೆಹನಿ ಹೇಳುವವರು ಸೇರಿಸಿ ಹೇಳುವುದಿಲ್ಲ.

ಸಂಪುಟದ ಜೋಡಣೆಯಲ್ಲೂ ಹ್ಯಾರಿಸನ್ ಮಾತು ಉಳಿಸಿಕೊಂಡ. ಮೂರು ತಟ್ಟೆಯ ಆರು ಮುಖಗಳಲ್ಲಿ ಡಿಲನ್‌ಗೆ ಐದನೆಯದು ಇಡಿಯಾಗಿ ಮೀಸಲು. ಮೊದಲನೆಯದು ಪೂರ್ತಿ ರವಿಶಂಕರ್ ಮತ್ತು ಅಲಿ ಅಕ್ಬರರದು; ಶ್ರುತಿಯನ್ನೂ ಚಪ್ಪಾಳೆಯನ್ನೂ ಕತ್ತರಿಸದೆ ಹಾಗೇ ಬಿಟ್ಟಿದ್ದಾರೆ. 1973ರಲ್ಲಿ ವರ್ಷದ ಅತ್ಯುತ್ತಮ ಸಂಪುಟವೆಂದು ಗ್ರ್ಯಾಮಿ ಬಂದದ್ದು ಇದಕ್ಕೆ. ಈಗ ಬೇಕಾದ ಹಾಡನ್ನಷ್ಟೇ ಬೆರಳಲ್ಲಿ ಒತ್ತಿ ಕೇಳುವುದು ಸುಲಭ, ಹೆಚ್ಚಿನವರು ನೇರ ಡಿಲನ್‌ಗೆ ಹೋಗುತ್ತಾರೆ. ಕೇಳುವ ಮನಸ್ಸಿದ್ದವರು ದಯವಿಟ್ಟು ಮೊದಲಿನಿಂದ ಕೇಳಿ: ಹ್ಯಾರಿಸನ್‌ನ ಸಂಕೋಚದ ಮಾತು, ರವಿಶಂಕರರ ಕೋರಿಕೆ, ತಂತಿಗಳ ಹೊಂದಾಣಿಕೆ, ಚಪ್ಪಾಳೆ, ಆಮೇಲೆ ಧುನ್. ದಾದರಾ ಮುಗಿದು ತ್ರಿತಾಳಕ್ಕೆ ಹೊರಳಿದ ಮೇಲೆ ಸಿತಾರ್ ಒಂದು ಮಾತೆತ್ತುತ್ತದೆ, ಸರೋದ್ ತನ್ನ ಗಡಸು ದನಿಯಲ್ಲಿ ಅದನ್ನೇ ಬೇರೆ ಮಾಡಿ ಮರಳಿಸುತ್ತದೆ, ತಬಲಾ ಇಬ್ಬರನ್ನೂ ಅಟ್ಟಿಸಿಕೊಂಡು ಓಡುತ್ತದೆ. ಅದು ಮುಗಿದಾಗ ಏಳುವ ಚಪ್ಪಾಳೆ ಮೊದಲಿನದಕ್ಕಿಂತ ಬಹಳ ದೊಡ್ಡದು.